ಹುಚ್ಚಿನ ಔಷಧಕ್ಕೆ ಸರಕಾರಿ ಪರವಾನಗಿ

ಮರ್ಯಾದೆಯಿಂದ ಇರಬೇಕೆಂದು ನಾವು ಎಷ್ಟೇ ಹುಷಾರಾಗಿದ್ದರೂ, ಅದನ್ನು ಕಳೆಯುವ ಪ್ರಸಂಗಗಳು ದಾರಿ ಕೇಳಿಕೊಂಡು ನಮ್ಮ ಮನೆಗೇ ಬರುತ್ತಿದ್ದವು. ಕಾರಣ ನಮ್ಮ ಉದ್ಯೋಗ. ರಾಮದುರ್ಗದಲ್ಲಿ, ಊರವರು ಆಚಾರ್ರು ಎಂದು ಕರೆಯುತ್ತಿದ್ದ ನನ್ನ ಸೋದರಮಾವ ತಲೆ ಕೆಟ್ಟವರಿಗೆ ಔಷಧ ಕೊಡುತ್ತಿದ್ದರು. ಮೆಟ್ರಿಕ್ಕಿನಲ್ಲಿ ನಪಾಸಾದ ನಾನು ಅವರ ಕೈಕೆಳಗೆ ಕಷಾಯ ಕುದಿಸುತ್ತಿದ್ದೆ. ರೋಗಿಗಳನ್ನು ತಿಂಗಳುಗಟ್ಟಲೆ ಮನೆಯಲ್ಲೇ ಇಟ್ಟುಕೊಂಡು, ತಲೆಗೆ ಎಣ್ಣೆ ಹಾಕಿ, ಹೊತ್ತಿಗೆ ಸರಿಯಾಗಿ ಉಣಿಸಿ ಮಲಗಿಸಿ, ಗುಣವಾದ ಮೇಲೆ ಕಳಿಸುವುದು ಮಾವನ ಪದ್ಧತಿ.

ಕಳಿಸಿದ ಮೇಲೆ ಒಂದು ಕಟ್ಟಪ್ಪಣೆ. ಹೊಸ್ತಿಲು ದಾಟಿ ಹೋದವರ ಗುರುತು ನಮಗಿಲ್ಲ. ಪೇಟೆಯಲ್ಲಿ ಎದುರಾದರೂ ನಾವಾಗಿ ಮಾತಾಡಿಸಬಾರದು. ಯಾಕೆಂದರೆ ನಾವು ಯಾರಿಗೆ ನಮಸ್ಕಾರ ಮಾಡುತ್ತೇವೋ ಅವರ ಮನೆಗೆ ಮರುದಿನದಿಂದ ಯಾರೂ ಕನ್ಯೆ ಕೊಡುತ್ತಿರಲಿಲ್ಲ.

ಸರಕಾರದ ತಲೆ

ಸಂಸ್ಥಾನ ಇರುವತನಕ ರಾಜರ ಅಪ್ಪಣೆಯ ಮೇಲೆ ನಮ್ಮ ಕೆಲಸ ನಡೆದಿತ್ತು. ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ಸೇರಿಹೋಯಿತು, ಹುಚ್ಚರನ್ನು ಮನೆಯಲ್ಲಿಟ್ಟು ಉಪಚರಿಸಲು ಹೊಸ ಪರವಾನಗಿ ಬೇಕೆಂದಾಯಿತು. ತಪಾಸಣೆಗೆ ಇನ್ಸ್‌ಪೆಕ್ಟರೊಬ್ಬರು ಬಂದರು. ಇಸ್ತ್ರಿ ಮಾಡಿದ ಕೋಟು, ಕಾಲಲ್ಲಿ ಕರ್ ಕರ್ ಎನ್ನುವ ಬೂಟು.

ನಮ್ಮ ಪಡಸಾಲೆಯಿಂದ ರೋಗಿಗಳ ಕೋಣೆಗೆ ಹೋಗಲು ಒಂದು ಕತ್ತಲೆ ಓಣಿಯಂಥ ಜಾಗವಿತ್ತು. ಅದರ ನಡುವೆ ತಲೆಗೆ ತಾಗುವಷ್ಟು ತಗ್ಗಾಗಿ ಒಂದು ತೊಲೆ. ಹೊಸಬರು ಯಾರೇ ಬರಲಿ, ಹಣೆ ಬಡಿಸಿಕೊಳ್ಳದೆ ಒಳಗೆ ಹೋದದ್ದಿಲ್ಲ. ನಾನು ಬಗ್ಗಿ ಬರ್ರಿ ಎನ್ನುವಷ್ಟರಲ್ಲಿ ಇನ್ಸ್‌ಪೆಕ್ಟರು ಬಡಿಸಿಕೊಂಡು ಅಲ್ಲೇ ಕುಳಿತುಬಿಟ್ಟಿದ್ದರು. ಹಣೆ ಲಿಂಬೆಹಣ್ಣಿನಷ್ಟು ಬಾತಿತು. ಮಾವ ಅರಿಷಿಣ ಕಲಸಿ ಹಚ್ಚಿ, ತಲೆಯ ಸುತ್ತ ಅರಿವೆ ಕಟ್ಟಿ, ಮೇಲೆ ತಂಪಿಗೆಂದು ತಮ್ಮ ಎಣ್ಣೆಯನ್ನೂ ಸುರಿದರು. ಆ ಎಣ್ಣೆಯ ವಾಸನೆ ಊರಿಗೆಲ್ಲ ಪರಿಚಿತ.

ಇನ್ಸ್‌ಪೆಕ್ಟರು ಅದೇ ಅವತಾರದಲ್ಲಿ ಹಾಡೇಹಗಲು ಪೇಟೆಯ ನಡುವೆ ನಡೆದುಹೋದರು. ನನಗೆ ಮುಖ ಎತ್ತಲಾಗಲಿಲ್ಲ. ಸಂಜೆ ಹೊತ್ತಿಗೆ ಊರಲ್ಲಿ ಒಂದೇ ಸುದ್ದಿ: ಹೊಸ ಸರಕಾರಕ್ಕೆ ತಲೆ ಕೆಟ್ಟಿದೆ, ಔಷಧಕ್ಕೆ ಇವರ ಮನೆಗೇ ಬಂದಿತ್ತು.

ಮಂಚ

ಇನ್ಸ್‌ಪೆಕ್ಟರು ಹಾಕಿ ಹೋದ ಶರ್ತ, ಪ್ರತಿ ರೋಗಿಗೂ ಒಂದು ಮಂಚ ಇರಬೇಕು. ನಮ್ಮ ರೋಗಿಗಳು ಕಂಬಳಿ ಹಾಸಿ ನೆಲದ ಮೇಲೆ ಮಲಗುವವರು. ಬಿದ್ದರೆ ಪೆಟ್ಟಾಗಬಾರದೆಂದು ಮಾವನೇ ಹಾಗೆ ಮಾಡಿದ್ದರು. ಇನ್ಸ್‌ಪೆಕ್ಟರು ಮತ್ತೆ ಬರುವ ದಿನ ಅತ್ತೆ ಓಣಿಯ ಮನೆಮನೆಗೆ ಹೋಗಿ ಕೈಮುಗಿದು ಮಂಚ ಕೂಡಿಸಿದರು.

ಈ ಸಲ ಇನ್ಸ್‌ಪೆಕ್ಟರು ತೊಲೆಯ ಮುಂದೆ ನಿಂತು, ಕೈಯಿಂದ ತಡವಿ ನೋಡಿ, ಆಮೇಲೆ ಬಗ್ಗಿದರು. ಮಂಚಗಳನ್ನು ನೋಡಿ ಖುಷಿಪಟ್ಟರು. ಒಂದರ ಮೇಲಂತೂ ಕುಳಿತು, ಹಗ್ಗ ಬಹಳ ಬಿಗಿಯಾಗಿದೆ, ಇದರ ಮೇಲೆ ಮಲಗಿದರೆ ಹುಚ್ಚು ಅರ್ಧ ಬಿಡುತ್ತದೆ ಎಂದು ಹೊಗಳಿದರು. ಮಾವ ನೆಲ ನೋಡುತ್ತ ನಿಂತಿದ್ದರು.

ಇನ್ಸ್‌ಪೆಕ್ಟರು ಇಳಿದುಕೊಂಡದ್ದು ನಮ್ಮ ಎದುರುಮನೆಯಲ್ಲಿ. ಊಟ ಮಾಡಿ, ತುಸು ಅಡ್ಡಾಗಬೇಕೆಂದು ಮಂಚ ಕೇಳಿದರಂತೆ. ಆ ಮನೆಯಾಕೆ ಸುಳ್ಳು ಅರಿಯದ ಹೆಂಗಸು.

"ಮಂಚ ಮನಿಯಾಗ ಇಲ್ರೀ. ನಿಮಗ ತೋರಸಾಕಂತ ಒಯ್ದಾರ."

ಅವರು ಕಟ್ಟೆಯ ಮೇಲೆ ನಿಂತು ನೋಡುತ್ತಿರುವಾಗಲೇ ಮಾವನೂ ನಾನೂ ಆ ಬಿಗಿ ಹಗ್ಗದ ಮಂಚವನ್ನು ಹೊತ್ತು ಓಣಿ ದಾಟಿಸಿದೆವು.

ಶಾಣ್ಯಾರ ಮನೆ

ಅಲ್ಲಿಗೆ ಇನ್ಸ್‌ಪೆಕ್ಟರ ಸಹನೆ ಮುಗಿಯಿತು. ದೊಡ್ಡ ಡಾಕ್ಟರ ಸಾಹೇಬರೇ ಬಂದು ತೀರ್ಮಾನಿಸುತ್ತಾರೆ, ಅಷ್ಟರಲ್ಲಿ ಇಲ್ಲಿ ಗುಣವಾದವರನ್ನು ಸಾಕ್ಷಿಗೆ ತಂದು ನಿಲ್ಲಿಸಿ, ಇಲ್ಲವಾದರೆ ಬಾಗಿಲಿಗೆ ಬೀಗ ಎಂದರು.

ಆಗ ಒಳಗಿದ್ದವರಲ್ಲಿ ಸುರೇಬಾನದ ಒಬ್ಬ ಹೆಣ್ಣುಮಗಳಿದ್ದಳು. ಬಾಣಂತನದಲ್ಲಿ ತಲೆ ಕೆಟ್ಟು ಮಾತು ಬಿಟ್ಟವಳು, ಅದೇ ವಾರ ಮೊದಲ ಸಲ ಬಾಯಿಬಿಟ್ಟು ತನ್ನ ಕೂಸು ಎಲ್ಲಿ ಎಂದು ಕೇಳಿದ್ದಳು. ಬೀಗ ಬಿದ್ದರೆ ಆಕೆ ಅರ್ಧ ಗುಣವಾಗಿ ಮನೆಗೆ ಹೋಗಬೇಕು. ಮಾವ ಸಾಕ್ಷಿ ಕೇಳಲು ಸುತಾರಾಂ ಒಪ್ಪಲಿಲ್ಲ. ಅತ್ತೆ ತಡೆಯಲಾರದೆ ಬುತ್ತಿ ಕಟ್ಟಿಕೊಟ್ಟು, ಗುಣವಾಗಿ ಹೋದವರ ಊರುಗಳಿಗೆ ನನ್ನನ್ನು ಕಳಿಸಿದರು.

ಬೈಲಹೊಂಗಲದ ಅರಳೆ ವ್ಯಾಪಾರಿ ನನ್ನನ್ನು ಕಂಡೊಡನೆ ಅರಳೆಯ ಅಂಡಿಗೆಗಳ ಹಿಂದೆ ಸರಿದರು. ನಾನೂ ಅಲ್ಲಿಗೇ ಹೋದೆ. ಅವರು ಕೈ ಮುಗಿದು, ಮಗಳ ಲಗ್ನ ಗೊತ್ತಾಗೈತ್ರೀ, ಇನ್ನೊಮ್ಮೆ ಈ ಕಡೆ ಬರಬ್ಯಾಡ್ರಿ ಎಂದರು. ನಾನು ಅಂಗಡಿಯಿಂದ ಹೊರಬೀಳುವತನಕ ಅಂಡಿಗೆಗಳ ಹಿಂದಿನಿಂದ ಈಚೆ ಬರಲಿಲ್ಲ. ಗುಣವಾದ ಮನುಷ್ಯನನ್ನು ನಾನೇ ಮತ್ತೆ ಕೆಡಿಸುತ್ತಿದ್ದೇನೆಂದು ಬಹಳ ನಾಚಿಕೆಯಾಯಿತು.

ಸವದತ್ತಿಯಲ್ಲಿ ಒಬ್ಬ ಮಾಸ್ತರರು. ಅಣ್ಣನೇ ಕರೆತಂದು ನಮ್ಮಲ್ಲಿ ಬಿಟ್ಟು, ಗುಣವಾದ ಮೇಲೆ ಬಂದು ಕರೆದೊಯ್ದಿದ್ದ. ಮಾಸ್ತರರು ಗಂಭೀರವಾಗಿ, ತಲೆ ಕೆಟ್ಟಿದ್ದು ನನಗಲ್ಲ, ಅಣ್ಣಗ, ನಾ ಬರೇ ಜೋಡಿಗೆ ಬಂದಿದ್ದೆ ಎಂದರು. ಸರಿ, ಅಣ್ಣನ ಹತ್ತಿರ ಹೋದೆ. ಅವನು ನನ್ನನ್ನು ಮೂಲೆಗೆ ಕರೆದು, ತಮ್ಮನಿಗೂ ಏನೂ ಆಗಿರಲಿಲ್ಲ, ಇಬ್ಬರೂ ಹವಾಪಾಲಟಿಗೆ, ಬರೇ ಹವಾ ಬದಲಾಗಲೆಂದು ಬಂದಿದ್ದೆವು ಎಂದ. ಒಳಗಿಂದ ಅವರ ತಾಯಿ ಅದನ್ನೇ ಹೇಳಿದಳು.

ನಾಲ್ಕು ತಿಂಗಳು ಆ ಮಾಸ್ತರರ ತಲೆಗೆ ಎಣ್ಣೆ ತಿಕ್ಕಿದವನು ನಾನು. ಆದರೂ ಆ ಮನೆಯ ಮೆಟ್ಟಿಲು ಇಳಿಯುವಾಗ, ಇಷ್ಟು ಶಾಣ್ಯಾ ಮಂದಿಯ ನಡುವೆ ತಲೆ ಸರಿ ಇಲ್ಲದವನು ನಾನೇ ಇರಬೇಕೆನ್ನಿಸಿತು.

ತೊಲೆ

ಡಾಕ್ಟರ ಸಾಹೇಬರು ಬಂದರು. ನಡುವಯಸ್ಸಿನವರು, ನಗದ ಮುಖ, ನಾನೆಂದೂ ಕಂಡದ್ದಲ್ಲ. ಪಡಸಾಲೆಯಲ್ಲಿ ಚಹಾ ಕುಡಿಯುತ್ತ, ರಾಮದುರ್ಗಕ್ಕೆ ಇದೇ ಮೊದಲ ಸಲ ಬರುತ್ತಿದ್ದೇನೆ ಎಂದು ಒಮ್ಮೆ ಹೇಳಿದರು. ಯಾರೂ ಕೇಳದಿದ್ದರೂ ಇನ್ನೊಮ್ಮೆ ಹೇಳಿದರು. ಆಮೇಲೆ ಎದ್ದು, ಇನ್ಸ್‌ಪೆಕ್ಟರ ವರದಿಯನ್ನು ಓದುತ್ತಲೇ ಒಳಗೆ ನಡೆದರು. ಅದರ ತುಂಬ ನಮ್ಮ ಮಂಚಗಳ ಕಥೆಯೇ. ನಾನು ಹಿಂದಿನಿಂದ, ಸಾಹೇಬರ, ಬಗ್ಗಿ ಬರ್ರಿ ಎಂದು ಕೂಗಬೇಕು, ಅಷ್ಟರಲ್ಲಿ ಅವರು ಕಾಗದದಿಂದ ಕಣ್ಣು ತೆಗೆಯದೆ, ಆ ಕತ್ತಲಲ್ಲಿ, ತೊಲೆ ಬಂದ ಕಡೆ ಸರಿಯಾಗಿ ಬಗ್ಗಿ, ದಾಟಿ, ನೆಟ್ಟಗಾಗಿ ಮುಂದೆ ನಡೆದರು.

ನನ್ನ ಬಾಯಿ ತೆರೆದೇ ಇತ್ತು. ಮಾವ ನನ್ನ ಕಾಲು ತುಳಿದರು.

ಒಳಗೆ ಸಾಹೇಬರು ಸುರೇಬಾನದ ಹೆಣ್ಣುಮಗಳ ಜೊತೆ ಬಹಳ ಹೊತ್ತು ಮಾತಾಡಿದರು. ಬಳಿಕ ಮಾವನ ಕಡೆ ತಿರುಗದೆಯೇ, ಸಾಕ್ಷಿ ಯಾರದಾರ ಎಂದು ಕೇಳಿದರು.

ಈಗ ಮಾವ ಒಂದು ಮಾತು ಆಡಿದ್ದರೆ ಮನೆ ಉಳಿಯುತ್ತಿತ್ತು. ಮಾವ ಆಡಿದ ಮಾತೇ ಬೇರೆ.

"ಯಾರೂ ಇಲ್ರಿ. ಇಲ್ಲೆ ಗುಣ ಆದವರು ಒಬ್ಬರೂ ನನಗ ಗುರ್ತಿಲ್ಲ. ಹಂಗs ಬರಕೋರಿ."

ಸಾಹೇಬರ ಕಿವಿ ಕೆಂಪಾದವು. ಏನೋ ಬರೆದರು, ಸಹಿ ಹಾಕಿ ಕಾಗದವನ್ನು ಮಾವನ ಕೈಗೆ ಕೊಟ್ಟರು. ಅದು ಪರವಾನಗಿ. ಹೊರಗೆ ಬರುವಾಗಲೂ ತೊಲೆಯ ಹತ್ತಿರ ತಾವಾಗಿಯೇ ಬಗ್ಗಿದರು. ಬಗ್ಗಿದ್ದು ತಮಗೇ ಗೊತ್ತಾಗಿ ಅಲ್ಲೇ ನಿಂತರು. ನನ್ನ ಮುಖ ನೋಡಿದರು, ತೊಲೆ ನೋಡಿದರು, ಕಡೆಗೆ ಮಾವನ ಹತ್ತಿರ ಬಂದು ಮೆಲ್ಲಗೆ ಹೇಳಿದರು:

"ಕಾಗದದಾಗ ಬರೀದ ಶರ್ತ ಒಂದದ, ಆಚಾರ್ರ. ಈ ತೊಲಿ ಎತ್ತರಿಸ್ರಿ. ನಿಮ್ಹಂಗ ಸುಮ್ನಿರೂದು ಇದಕ್ಕ ಬರೂದಿಲ್ಲ."