ಮೆಣಸಿನ ರಾಣಿಯ ಅಪ್ಪ

ವಿಶ್ವನಾಥ ಮಾಡಿದ ತಪ್ಪು ಇಷ್ಟೇ. ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ‘ನಮ್ಮನೇಲಿ ಎರಡು ಕಿಲೋ ಕರಿಮೆಣಸಿದೆ’ ಎಂದು ಬರೆದದ್ದು.

ಸೋಮವಾರ ಐದನೇ ಕ್ಲಾಸಿನಲ್ಲಿ ಇತಿಹಾಸದ ಆಟ. ಪೋರ್ಚುಗೀಸರು, ಡಚ್ಚರು, ಇಂಗ್ಲಿಷರು ಎಂದು ಮೂರು ಗುಂಪು. ಯಾರ ಹಡಗಿನಲ್ಲಿ ಹೆಚ್ಚು ಮೆಣಸೋ ಅವರಿಗೆ ಗೆಲುವು. ಅವನ ಮಗಳು ಸಮೀಕ್ಷಾ ಮೆಣಸಿನ ರಾಣಿ. ಯಾರಿಗೆ ಕೊಡುವುದೆಂದು ಅವಳೇ ತೀರ್ಮಾನಿಸಬೇಕು.

ಭಾನುವಾರ ಹೆಂಡತಿ ಚಂದ್ರಿಕಾ ಆಸ್ಪತ್ರೆ ಡ್ಯೂಟಿಗೆ ಹೋಗಿದ್ದಳು. ಎರಡು ಗಂಟೆಗೆ ಕ್ರಿಕೆಟ್ ಫೈನಲ್. ನೈರೋಬಿಯ ಪಾರ್ಕ್‌ಲ್ಯಾಂಡ್ಸಿನ ತನ್ನ ಫ್ಲ್ಯಾಟಿನಲ್ಲಿ ವಿಶ್ವನಾಥ ಸೋಫಾದ ಮೇಲೆ ಕಾಲು ಚಾಚಿದ್ದನಷ್ಟೆ, ಮೇಲ್ಮನೆಯ ಫ್ಲಾವಿಯಾ ಮಗನ ಥರ್ಮಾಕೋಲ್ ಹಡಗು ಹಿಡಿದು ಬಂದಳು.

“ಮೆಣಸಿಗೆಂದು ಹಡಗಿನಲ್ಲಿ ಮೊದಲು ಬಂದದ್ದು ಪೋರ್ಚುಗೀಸರು ಮಾರಾಯ್ರೆ. ಮೆಣಸು ಪೂರಾ ನಮಗೇ ಕೊಡಿ, ಆಯ್ತಾ? ನೀರುದೋಸೆ ಕಳಿಸ್ತೇನೆ.”

“ಆಯ್ತು.”

ಬೆನ್ನಿಗೇ ಎದುರು ಮನೆಯ ಮಂಜುನಾಥ್, ಇನ್ನೊಂದು ಹಡಗಿನೊಂದಿಗೆ. “ಏನ್ರೀ, ಅವರಿಗೆ ಕೊಟ್ರಂತೆ? ಡಚ್ಚರು ಅವರನ್ನ ಎಷ್ಟು ಕಡೆಯಿಂದ ಓಡಿಸಿದ್ರು ಗೊತ್ತಾ? ನನ್ನ ಮಗಳು ಊಟ ಬಿಟ್ಟು ಕೂತಿದಾಳೆ!”

“ಆಯ್ತು, ನಿಮಗೇ.”

ವಿಶ್ವನಾಥನ ‘ಆಯ್ತು’ ಆ ಊರಿನ ಬಾಡಿಗೆ ವ್ಯಾನು ಮಟಾಟು ಇದ್ದ ಹಾಗೆ. ಎಷ್ಟು ಜನ ಹತ್ತಿದರೂ ಇನ್ನೊಬ್ಬರಿಗೆ ಜಾಗವಿರುತ್ತಿತ್ತು.

ಮೆಟ್ಟಿಲ ಮೇಲೆ ಹಡಗುಗಳು ಮುಖಾಮುಖಿಯಾದವು. ಫ್ಲಾವಿಯಾಳ ಹಾಯಿ ಹರಿಯಿತು, ಮಂಜುನಾಥನ ಕನ್ನಡಕ ಉರುಳಿತು. ಇಬ್ಬರೂ ವಾಪಸು ಬಂದು ವಿಶ್ವನಾಥನ ಬಾಗಿಲು ಬಡಿದರು.

“ಅಪ್ಪಾ, ಐ ಆ್ಯಮ್ ದ ಕ್ವೀನ್. ನೋಬಡಿ ಆಸ್ಕ್ಡ್ ಮೀ,” ಎಂದು ಸಮೀಕ್ಷಾ ಕೋಣೆಯ ಬಾಗಿಲು ಹಾಕಿಕೊಂಡಳು.

ಆಗ ಬಂದವನು ಕೆಳಮನೆಯ ಕಿಶೋರ್. ಎನ್‌ಜಿಒ ಒಂದರ ಗೋದಾಮು ನೋಡಿಕೊಳ್ಳುವವನು. ಮಗ ಇಂಗ್ಲಿಷರ ಗುಂಪಿನಲ್ಲಿದ್ದ. ಕಿಶೋರ್ ಜಗಳದವರಿಬ್ಬರಿಗೂ ಏನೋ ಹೇಳಿ ಮನೆಗೆ ಕಳಿಸಿದ.

“ನನಗೆ ಮೆಣಸೇ ಬೇಡ ಸರ್. ಬಾಗಿಲ ಹತ್ತಿರ ಒಂದು ಕುರ್ಚಿ ಕೊಡಿ ಸಾಕು. ನಾನು ಕಾವಲಿರ್ತೀನಿ, ನೀವು ಮ್ಯಾಚ್ ನೋಡಿ.”

ವಿಶ್ವನಾಥನಿಗೆ ಕಣ್ಣು ತುಂಬಿ ಬಂತು.

ಬೆನ್ನುನೋವೆಂದು ಕಿಶೋರ್ ಕುರ್ಚಿಯಿಂದ ಸೋಫಾಕ್ಕೆ ಬಂದ. ಕಣ್ಣೆದುರಿಗಿದ್ದರೆ ಕ್ಷೇಮವೆಂದು ಮೆಣಸಿನ ಡಬ್ಬ ತೊಡೆಯ ಮೇಲಿಟ್ಟುಕೊಂಡ. ಹೊರಗಿನ ಸದ್ದು ಕೇಳಬೇಕೆಂದು ರಿಮೋಟೂ ತೆಗೆದುಕೊಂಡ. ಕೊನೆಯ ಹತ್ತು ಓವರ್ ಬಾಕಿಯಿದ್ದಾಗ, “ಟೀ ಇಲ್ಲದೆ ಕಾವಲು ಹೇಗೆ ಸರ್? ಹಾಲು ಖಾಲಿ,” ಎಂದ.

ವಿಶ್ವನಾಥ ಅಂಗಡಿಗೆ ಓಡಿದ. ಏದುಸಿರು ಬಿಡುತ್ತ ಬಂದರೆ ಬಾಗಿಲು ಹಾಕಿತ್ತು. ಒಳಗೆ ಟಿವಿಯ ಚಪ್ಪಾಳೆ. ಬೆಲ್ ಒತ್ತಿದ. ಬಾಗಿಲು ನಾಲ್ಕು ಬೆರಳು ತೆರೆಯಿತು. ಕಿಶೋರನ ಕೈ ಮೊದಲು ಹಾಲಿನ ಪ್ಯಾಕೆಟ್ ಒಳಗೆಳೆದುಕೊಂಡು, ಆಮೇಲೆ ನೈರೋಬಿಯ ಗೇಟುಗಳಲ್ಲಿ ಕಾವಲುಗಾರರು ಚಾಚುವಂಥ ಒಂದು ನೋಟ್‌ಬುಕ್ ಹೊರಗೆ ಚಾಚಿತು.

“ತಪ್ಪು ತಿಳೀಬೇಡಿ ಸರ್, ಎಲ್ಲರಿಗೂ ಒಂದೇ ರೂಲ್ಸು. ಹೆಸರು, ಬಂದ ಕಾರಣ, ಎಷ್ಟು ಹೊತ್ತಿಗೆ ವಾಪಸು ಹೋಗ್ತೀರಿ, ಬರೀರಿ.”