ದಿವಂಗತ ಫೌಜದಾರರ ಸೀಟಿ ಊದುವ ಬಗ್ಗೆ

ಸ್ಮರಣೆ ಮತ್ತು ಸಂಬಂಧಿತ ವ್ಯವಸ್ಥೆಗಳ ಕಚೇರಿ, ಗಡಹಿಂಗ್ಲಜ (ಜಿಲ್ಲೆ: ಕೊಲ್ಹಾಪುರ)

ಸಂಖ್ಯೆ: ನೆನಪು/ಸೀಟಿ/ಪರಿಷ್ಕೃತ/1966
ದಿನಾಂಕ: 9 ನವೆಂಬರ್ 1966

ವಿಷಯ: ನಿವೃತ್ತ ಪೊಲೀಸ್ ಫೌಜದಾರ, ಊರ ಹುಡುಗರ ಫುಟ್‌ಬಾಲ್ ಗುರು ದಿ. ಅಲ್ಲಪ್ಪ ಹಲಕರ್ಣಿಯವರನ್ನು ನೆನೆಯುವ ಕ್ರಮ.

ಉಲ್ಲೇಖ: (ಅ) ದಿವಂಗತರ ಸೀಟಿಯನ್ನು ಗಾಜಿನ ಕಪಾಟಿನಲ್ಲಿ ಇಡತಕ್ಕದ್ದೆಂಬ ಈ ಕಚೇರಿಯ ಹಿಂದಿನ ಸುತ್ತೋಲೆ. (ಆ) ಕೊಡುವುದಿಲ್ಲವೆಂಬ ಅವರ ಪತ್ನಿ ಶ್ರೀಮತಿ ಗುರುಸಿದ್ದವ್ವನವರ ಬಾಯಿಮಾತಿನ ಉತ್ತರ.

ಬರುವ ರವಿವಾರ ಇಚಲಕರಂಜಿ ತಂಡದೊಡನೆ ನಡೆಯುವ ಸ್ಮರಣಾರ್ಥ ಪಂದ್ಯದ ಸಂಬಂಧ ಸರ್ವರಿಗೂ ಈ ಕೆಳಗಿನಂತೆ ತಿಳಿಯಪಡಿಸಲಾಗಿದೆ.

1. ದಿವಂಗತರನ್ನು ಮೊದಲು ಪೊಲೀಸರೆಂದು, ಬಳಿಕ ಗುರುಗಳೆಂದು ನೆನೆಯತಕ್ಕದ್ದು. ಸಮಯ ಉಳಿದಲ್ಲಿ ಗಂಡನೆಂದು ನೆನೆಯಲು ಪತ್ನಿಯವರಿಗೆ ಅಡ್ಡಿಯಿಲ್ಲ; ಮನೆಯೊಳಗೆ.

2. ಕೊಲ್ಹಾಪುರದಲ್ಲಿ ಅವರು ಹಿಡಿದ ಕಳ್ಳರು ಹಿಂದಿನ ಸಾಲಿನಲ್ಲಿ ಕುಳಿತು ಅಳಬಹುದು. ಕಳ್ಳರ ಅಳು ಗಣ್ಯರ ಅಳುವಿಗಿಂತ ಜೋರಾಗಿ ಇರಕೂಡದು. ಮರಾಠಿಯ ಅಳು, ಕನ್ನಡದ ಅಳು ಎರಡನ್ನೂ ಸಮಾನವೆಂದು ಪರಿಗಣಿಸಲಾಗುವುದು.

3. ಅಭ್ಯಾಸಕ್ಕೆ ತಡವಾಗಿ ಬಂದು ಅವರಿಂದ ಎಡಗಿವಿ ಹಿಂಡಿಸಿಕೊಂಡವರು ಎಡಕ್ಕೆ, ಬಲಗಿವಿಯವರು ಬಲಕ್ಕೆ ಕೂರತಕ್ಕದ್ದು. ಎರಡೂ ಕಿವಿ ಹಿಂಡಿಸಿಕೊಂಡವರು ಈಗ ತಂಡದಲ್ಲೇ ಇರುವುದರಿಂದ ಕೂರುವಂತಿಲ್ಲ.

4. ಗಂಡ ತೀರಿದ ಹೆಂಗಸು ಶುಭಾರಂಭದಲ್ಲಿ ಎದುರಿಗೆ ಬರಬಾರದೆಂಬ ರೂಢಿಯಂತೆ, ಪಂದ್ಯದ ಮೊದಲ ಸೀಟಿಯನ್ನು ಈ ಕಚೇರಿಯ ಅಧ್ಯಕ್ಷ ಶ್ರೀ ಭಾವುಸಾಹೇಬರು ಊದುವುದೆಂದು ತೀರ್ಮಾನಿಸಲಾಗಿತ್ತು. ಅದರಂತೆ ನಿನ್ನೆ ಅವರು ಹೊಸ ಸೀಟಿ ತಂದು ಪ್ರಯೋಗಾರ್ಥ ಊದಿದರು. ಒಬ್ಬ ಹುಡುಗನೂ ಕದಲಲಿಲ್ಲ. ಮತ್ತೆ ಊದಿದರು. ಎಮ್ಮೆಯೊಂದು ತಿರುಗಿ ನೋಡಿತು. ತಂಡದ ನಾಯಕ ಕೃಷ್ಣಾತ ಎಂಬವನ ಸಮಜಾಯಿಷಿ: “ಸಾಹೇಬ್ರ, ಇದು ನಮ್ಮ ಸೀಟಿ ಅಲ್ರಿ. ನಮ್ಮದು ಕೇಳಿದ್ರ ಕಾಲು ತಾವ ಓಡತಾವ್ರಿ.”

5. ವಿಚಾರಣೆಗಾಗಿ ಮೈದಾನದ ಪಕ್ಕದಲ್ಲಿರುವ ಗುರುಸಿದ್ದವ್ವನವರ ಮನೆಗೆ ಅಧ್ಯಕ್ಷರಿಂದ ಹೋಗಲಾಯಿತು. ಅಭ್ಯಾಸ ಮುಗಿಸಿ ಬರುವ ಹುಡುಗರಿಗೆಂದು ಶೇಂಗಾ ಈಗಲೂ ನೆನೆಹಾಕಿರುವುದು ಕಂಡುಬಂತು. ಅವರ ಹೇಳಿಕೆಯನ್ನು ತಿದ್ದದೆ ದಾಖಲಿಸಲಾಗಿದೆ:

“ಭಾವುಸಾಹೇಬ್ರ, ಹಲ್ಲು ಉದುರಿದ ಮ್ಯಾಲೆ ಅವರು ಊದಿದ್ರ ಬರೇ ಗಾಳಿ ಬರತಿತ್ರಿ. ಅವರು ಕಟ್ಟಿ ಮ್ಯಾಲೆ ನಿಂತು ಗತ್ತಿಲೆ ಕೈ ಎತ್ತೂದು, ನಾ ಬಾಗಿಲ ಹಿಂದ ನಿಂತು ಊದೂದು. ನಿಮ್ಮಂಥ ದೊಡ್ಡವರಿಗೆ ಗೊತ್ತಾಗಲಿಲ್ಲ, ಹುಡುಗರಿಗೆ ಗೊತ್ತಿತ್ತು. ಈಗ ಕಪಾಟಿನಾಗ ಇಡೂನು ಅಂತೀರಿ. ಅದರಾಗ ಇರೂದು ನನ್ನ ಉಸಿರ್ರೀ. ನಾ ಇನ್ನೂ ಇದ್ದೇನಲ್ರಿ?”

6. ಈ ಪ್ರಶ್ನೆಗೆ ಉತ್ತರಿಸುವ ಅಧಿಕಾರ ಕಚೇರಿಗೆ ಇಲ್ಲದ ಕಾರಣ, ಹಿಂದಿನ ಸುತ್ತೋಲೆಯನ್ನೂ ಕಲಂ 4ರ ರೂಢಿಯನ್ನೂ ಹಿಂಪಡೆಯಲಾಗಿದೆ. ಮೊದಲ ಸೀಟಿಯನ್ನು ಶ್ರೀಮತಿ ಗುರುಸಿದ್ದವ್ವನವರು, ಬಾಗಿಲ ಹಿಂದಿನಿಂದಲ್ಲ, ಮೈದಾನದ ನಡುವೆ ನಿಂತು ಊದತಕ್ಕದ್ದು.

7. ಆ ಸೀಟಿ ಕೇಳಿಯೂ ಓಡದವರನ್ನು, ಅಧ್ಯಕ್ಷರನ್ನೂ ಒಳಗೊಂಡು, ತಡವಾಗಿ ಬಂದವರೆಂದು ಭಾವಿಸಲಾಗುವುದು. ಕಿವಿ ಹಿಂಡುವ ಅಧಿಕಾರವನ್ನು ಈ ಮೂಲಕ ಸದರಿ ಶ್ರೀಮತಿಯವರಿಗೇ ವಹಿಸಲಾಗಿದೆ.

(ಸಹಿ)
ಅಧ್ಯಕ್ಷರ ಪರವಾಗಿ
(ಅಧ್ಯಕ್ಷರು ಓಟದ ಅಭ್ಯಾಸದಲ್ಲಿ ಇರುವುದರಿಂದ)

ಪ್ರತಿಗಳು:
1. ಇಚಲಕರಂಜಿ ತಂಡಕ್ಕೆ: ಬೆದರದಿರಲು.
2. ಎಮ್ಮೆಯ ಒಡೆಯ ಧೋಂಡಿಬಾ ಅವರಿಗೆ: ಪಂದ್ಯದ ದಿನ ಕಟ್ಟಿಹಾಕಲು.
3. ಶ್ರೀಮತಿ ಗುರುಸಿದ್ದವ್ವನವರಿಗೆ: ಶೇಂಗಾ ಒಂದು ಹಿಡಿ ಹೆಚ್ಚು ನೆನೆಹಾಕಲು ವಿನಂತಿ, ಅಧ್ಯಕ್ಷರೂ ಬರುವರು.
4. ಗಾಜಿನ ಕಪಾಟಿಗೆ: ಖಾಲಿ ಇರತಕ್ಕದ್ದು.