ನಿಮ್ಮ ನಾಯಿಗೆ ಉಣ್ಣೆ ಇದೆಯೇ?

ಕಡಿಮೆ ಮಾತಾಡುವವರಿಗೆ ಒಂದು ಗುಟ್ಟಿನ ಜಂಬ ಇರುತ್ತದೆ: ಆಡುವ ನಾಲ್ಕೇ ಮಾತನ್ನು ಅಳೆದು ತೂಗಿ ಆಡುತ್ತೇವೆ, ಹಾಗಾಗಿ ನಮ್ಮಿಂದ ಯಾರಿಗೂ ಗೊಂದಲವಾಗುವುದಿಲ್ಲ ಎಂದು. ನನ್ನಲ್ಲಿ ಈ ಜಂಬ ಎರಡು ಪಾಲು. ಕೊಯಮತ್ತೂರಿನ ನಮ್ಮ ಮನೆಯ ಕನ್ನಡದಲ್ಲಿ ಅರ್ಧಕ್ಕರ್ಧ ತಮಿಳು. ಅಮ್ಮನಿಗೆ ಕನ್ನಡ ಅಕ್ಷರವೇ ಬಾರದು. ನಾನು ಮಾತ್ರ ಕಾಲೇಜಿನಲ್ಲಿದ್ದಾಗ ಹಟ ಹಿಡಿದು ಲಿಪಿ ಕಲಿತು, ನಿಘಂಟು ತರಿಸಿಕೊಂಡು, ಅಕ್ಕಿಯಿಂದ ಕಲ್ಲು ಆರಿಸಿದ ಹಾಗೆ ನನ್ನ ಮಾತಿನಿಂದ ತಮಿಳನ್ನು ಆರಿಸಿ ಎಸೆದವಳು. "ನೀ ಪೇಸಿದ್ರೆ ರೇಡಿಯೋ ನ್ಯೂಸ್ ಕೇಳ್ದಂಗಿರ್ತದೆ ಕಣ್ಣು" ಎನ್ನುತ್ತಾಳೆ ಅಮ್ಮ. ಅದನ್ನು ಹೊಗಳಿಕೆ ಎಂದೇ ತಿಳಿದಿದ್ದೆ, ಮುರುಕುವಿಗೆ ರಕ್ತ ಬೇಕಾಗುವವರೆಗೆ.

ಮುರುಕು ನಮ್ಮ ನಾಯಿ. ಚಕ್ಕುಲಿಯಂಥ ಬಾಲದ ಸುರುಳಿ ನೋಡಿ ಅಮ್ಮ ಇಟ್ಟ ತಮಿಳು ಹೆಸರು. ಅದು ಊಟ ಬಿಟ್ಟು, ಒಂದು ಬೆಳಿಗ್ಗೆ ಎದ್ದು ನಿಲ್ಲಲಾರದೆ ಹೋದಾಗ ಎತ್ತಿಕೊಂಡು ಆಸ್ಪತ್ರೆಗೆ ಓಡಿದೆವು. ಡಾಕ್ಟರಮ್ಮ ಅದರ ತುಟಿ ಮೇಲೆತ್ತಿ ನೋಡಿದರು. ಒಸಡು ಕಾಗದದಷ್ಟು ಬಿಳಿ. ಆಮೇಲೆ ಕಾಲ್ಬೆರಳ ಸಂದಿಯಿಂದ, ರಕ್ತ ಕುಡಿದು ನೀಲಿಗಟ್ಟಿದ್ದ ಒಂದು ಹುಳುವನ್ನು ಚಿಮಟದಲ್ಲಿ ಹಿಡಿದು ನನಗೆ ತೋರಿಸಿದರು. ದಿನಾ ಮೈ ಬಾಚುವವಳು ನಾನು. ಬೆರಳ ಸಂದಿ ನನಗೆ ಹೊಳೆದೇ ಇರಲಿಲ್ಲ. "ಉಣ್ಣಿ ಜ್ವರ. ಇವತ್ತೇ ರಕ್ತ ಕೊಡಬೇಕು. ದೊಡ್ಡ, ಗಟ್ಟಿಮುಟ್ಟಾದ ನಾಯಿ ಕರೆತನ್ನಿ" ಎಂದರು ತಮಿಳಿನಲ್ಲಿ. "ಆದರೆ ಪರೀಕ್ಷೆ ಮಾಡದೆ ಒಂದು ಹನಿಯನ್ನೂ ತೆಗೆಯುವುದಿಲ್ಲ. ಮೇಲೆ ಚೆನ್ನಾಗಿ ಕಾಣುವ ನಾಯಿಯ ರಕ್ತದಲ್ಲೂ ಉಣ್ಣಿಯ ರೋಗ ಅಡಗಿರುತ್ತದೆ. ಇದಕ್ಕೆ ಇರುವ ರೋಗವೇ ಸಾಕು, ಇನ್ನೊಂದನ್ನು ನಾವೇ ಚುಚ್ಚುವುದು ಬೇಡ."

ತೊಂಡಾಮುತ್ತೂರಿನ ತೋಟದಿಂದ ಮಾವ ತಮ್ಮ ನಾಯಿ ರಾಜನನ್ನು ವ್ಯಾನಿನಲ್ಲಿ ತಂದರು. ಕರುವಿನಷ್ಟು ಎತ್ತರದ ನಾಯಿ. "ನಮ್ಮ ರಾಜನಿಗೆ ಒಂದು ತುಮ್ಮಲ್, ಒಂದು ಸೀನು ಕೂಡ ಬಂದಿಲ್ಲ" ಎಂದು ಮಾವ ಮೀಸೆ ಸವರಿದರು. ನಾವು ಕಾದೆವು. ಕಿಟ್‌ನಲ್ಲಿ ರೋಗವಿಲ್ಲದಿದ್ದರೆ ಒಂದೇ ಗೆರೆ ಮೂಡಬೇಕಿತ್ತು, ಎರಡು ಮೂಡಿದವು. ಡಾಕ್ಟರಮ್ಮ ರಾಜನಿಗೇ ಔಷಧಿ ಬರೆದುಕೊಟ್ಟರು. ಮಾವನ ಮುಖ ಕಪ್ಪಿಟ್ಟಿತು. "ಹುಡುಗನ್ನ ಕರೆಸಿ, ಬಜ್ಜಿ ಕೂಡ ಕೊಡ್ದೆ, ಜಾತಕ ಸೇರ್ಲಿಲ್ಲ ಅಂದಂಗಾಯ್ತು" ಎಂದು ಗೊಣಗುತ್ತ ಹೊರಟರು. ಮುರುಕುವಿನ ಉಸಿರು ಆಗಲೇ ಓಡತೊಡಗಿತ್ತು.

ಡಾಕ್ಟರಮ್ಮ ಇನ್ನೊಂದು ನಂಬರ್ ಕೊಟ್ಟರು. ತಿರುಪ್ಪೂರಿನಲ್ಲಿ ಬ್ರೂನೊ ಎಂಬ ಲ್ಯಾಬ್ರಡಾರ್. ಅದರ ಯಜಮಾನರು ಕರ್ನಾಟಕದಿಂದ ಬಂದು ಉಡುಪು ಕಾರ್ಖಾನೆಯೊಂದರಲ್ಲಿ ಕೆಲಸದಲ್ಲಿರುವವರು. ಫೋನಿನಲ್ಲಿ ಅವರ ತಮಿಳು ತಡವರಿಸುತ್ತಿತ್ತು. ನಾನು ಉದಾರವಾಗಿ ಕನ್ನಡಕ್ಕೆ ಹೊರಳಿದೆ. ಮನೆಯಲ್ಲಿ ನಾವು ಅನ್ನುವುದು 'ಉಣ್ಣಿ'. ಅದು ತಮಿಳು, ಬೇಡ. ಆ ಹುಳುವಿಗೆ ನಿಘಂಟಿನಲ್ಲಿ ಕಂಡಿದ್ದ ಶುದ್ಧ ಪದ ನೆನಪಾಯಿತು.

"ನಿಮ್ಮ ನಾಯಿಗೆ ಉಣ್ಣೆ ಇದೆಯೇ?"

"ಇದೆಯಲ್ಲ ಮೇಡಂ! ಎರಡಿವೆ. ಒಂದು ಕೆಂಪು, ಒಂದು ನೀಲಿ."

ನೀಲಿಯದನ್ನು ಆ ಬೆಳಿಗ್ಗೆಯಷ್ಟೇ ಕಂಡಿದ್ದೆ. "ನೀವು ತೆಗೆಯುವುದಿಲ್ಲವೇ?"

"ಭಾನುವಾರ ತೆಗೀತೀವಿ. ಸೋಮವಾರ ಮತ್ತೆ ಹಾಕ್ತೀವಿ."

"ನೀವೇ ಹಾಕುತ್ತೀರಾ?"

"ಮತ್ತೆ? ಅವನೇ ಹಾಕ್ಕೊಳ್ತಾನಾ ಮೇಡಂ?"

"ಕ್ಷಮಿಸಿ, ನಿಮ್ಮ ನಾಯಿ ಬೇಡ" ಎಂದು ಫೋನ್ ಇಟ್ಟೆ. ಬೇರೆ ನಾಯಿ ಇಲ್ಲ ಎಂದರು ಡಾಕ್ಟರಮ್ಮ. ಮುರುಕು ಕಣ್ಣು ಮುಚ್ಚಿ ಅಮ್ಮನ ಮಡಿಲಲ್ಲಿ ಒರಗಿತ್ತು.

"ಆ ಮನುಷ್ಯ ಕೈಯಾರೆ ಉಣ್ಣಿ ಹಾಕುತ್ತಾನಂತೆ" ಎಂದೆ.

"ಯಾವ ಪೈತ್ಯಕಾರ ಹಂಗ್ ಮಾಡ್ತಾನೆ? ನೀ ಏನಂತ ಕೇಳ್ದೆ?" ಅಮ್ಮ ದಿಟ್ಟಿಸಿದಳು.

"ಉಣ್ಣೆ ಎಂದೆ."

"ಅದೇನದು?"

ಉತ್ತರ ಫೋನಿನಲ್ಲೇ ಟಿಣ್ ಎಂದಿತು. ಬ್ರೂನೊ ಫೋಟೋದಲ್ಲಿ ಕುಳಿತಿತ್ತು. ಕೆಂಪು ಸ್ವೆಟರ್, ಮೇಲೆ ಬಿಳಿ ಹಿಮದ ಹೂವು, ತಿರುಪ್ಪೂರಿನ ಬಿಸಿಲಿಗೆ ಹೊರಚಾಚಿದ ನಾಲಿಗೆ. ಕೆಳಗೆ ಸಾಲು: "ಎಕ್ಸ್‌ಪೋರ್ಟ್ ಸ್ಯಾಂಪಲ್ ಮೇಡಂ, ಅಪ್ಪಟ ಉಣ್ಣೆ. ಅಲರ್ಜಿ ಏನಾದ್ರೂ ಆಗುತ್ತಾ? ಬಿಚ್ಚಿ ಕರ್ಕೊಂಡು ಬರ್ಲಾ?"

ಅಪರಿಚಿತರಿಗೆ ಎರಡನೇ ಸಲ ಫೋನ್ ಮಾಡುವುದು ನನ್ನಂಥವಳಿಗೆ ಹಲ್ಲು ಕೀಳಿಸಿಕೊಂಡ ಹಾಗೆ. ಮಾಡಿದೆ. ಉಣ್ಣೆಯಲ್ಲ, ರಕ್ತ ಹೀರುವ ಉಣ್ಣಿ ಎಂದೆ.

"ಓ, ಉಣ್ಣಿನಾ! ಹಾಗಂತ ಕನ್ನಡದಲ್ಲಿ ಹೇಳಬಾರದಾ ಮೇಡಂ? ಹೊರಟೆ, ಹೊರಟೆ."

ಬಂದರು. ಮತ್ತೆ ಕಿಟ್, ಮತ್ತೆ ಸೂಕ್ಷ್ಮದರ್ಶಕ. ಆ ಗೆರೆಗಳನ್ನು ನೋಡಲಾರದೆ ನಾನು ಗೋಡೆ ನೋಡುತ್ತ ನಿಂತೆ. ಒಂದೇ ಗೆರೆ. "ಪರೀಕ್ಷೆಯಿಂದಲೂ ತಪ್ಪಿಸಿಕೊಳ್ಳುವ ಸೋಂಕುಂಟು, ಪೂರ್ತಿ ಭರವಸೆ ಕೊಡಲಾರೆ. ಆದರೆ ಇನ್ನು ಕಾಯುವಂತಿಲ್ಲ" ಎಂದರು ಡಾಕ್ಟರಮ್ಮ. ಬ್ರೂನೊ ಬಿಸ್ಕತ್ತು ತಿನ್ನುತ್ತ ರಕ್ತ ಕೊಟ್ಟಿತು. ಅದು ಹನಿಹನಿಯಾಗಿ ಮುರುಕುವಿನೊಳಗೆ ಇಳಿಯಿತು. ಸಂಜೆ ಅಮ್ಮ ಮುರುಕುವಿನ ತುಟಿ ಎತ್ತಿ ನೋಡಿದಳು. ಒಸಡಿನಲ್ಲಿ ಮಾಸಲು ಗುಲಾಬಿ. ಬಾಲದ ಸುರುಳಿ ಒಮ್ಮೆ ಅಲುಗಿತು.

ಹೊರಡುವಾಗ ಬ್ರೂನೊನ ಯಜಮಾನರು ನಡುಗುತ್ತಿದ್ದ ಮುರುಕುವಿಗೆ ನೀಲಿ ಸ್ವೆಟರ್ ಹೊದಿಸಿ, ವಾಪಸು ಬೇಡ ಎಂದರು. ಈಗ ಮುರುಕುವಿಗೂ ಅದರ ಹುಚ್ಚು. ತೆಗೆಯಹೋದರೆ ಗುರ್ ಎನ್ನುತ್ತದೆ. ಆದರೂ ಪ್ರತಿ ಸಂಜೆ ಉಣ್ಣೆ ಬಿಚ್ಚಿ, ಕಾಲ್ಬೆರಳ ಸಂದಿ ಸಂದಿಯಲ್ಲೂ ಹುಡುಕುತ್ತೇನೆ. "ಏನ್ ತೇಡ್ತಿದೀಯ ಕಣ್ಣು?" ಎಂದು ಅಮ್ಮ ಬೇಕೆಂದೇ ಕೇಳುತ್ತಾಳೆ.

"ಉಣ್ಣಿ" ಎನ್ನುತ್ತೇನೆ, ಅಚ್ಚ ಕನ್ನಡದಲ್ಲಿ.